ಪಿರುಚಾ ಮೇಷ್ಟ್ರ ಮೊಹರು

ಆಗಸ್ಟ್ ತಿಂಗಳಲ್ಲಿ ಜಪಾನಿನ ಮಿನೊಸಾಕಿ ಮಾಧ್ಯಮಿಕ ಶಾಲೆಯಲ್ಲಿ ಮಕ್ಕಳಿಗೆ ರಜೆ, ಪಾಠಕ್ಕೆ ರಜೆ, ಬಾರಿಸುವ ಗಂಟೆಗೂ ರಜೆ. ಇಂಗ್ಲಿಷ್ ಹೇಳಿಕೊಡಲು ನ್ಯೂಜಿಲೆಂಡಿನಿಂದ ಬಂದಿದ್ದ ಡೆಸ್ಮಂಡ್ ಪಿಲ್ಚರನಿಗೆ ಮಾತ್ರ ರಜೆ ಇರಲಿಲ್ಲ. ಕರಾರುಪತ್ರದ ಪ್ರಕಾರ ಅವನು ಬೆಳಗ್ಗೆ ಎಂಟೂಕಾಲಿನಿಂದ ಸಂಜೆ ನಾಲ್ಕೂಕಾಲಿನವರೆಗೆ ಅಧ್ಯಾಪಕರ ಕೊಠಡಿಯಲ್ಲಿ ತನ್ನ ಮೇಜಿನ ಮುಂದೆ ಇರತಕ್ಕದ್ದು. ಇದ್ದು ಏನು ಮಾಡತಕ್ಕದ್ದು ಎಂದು ಬರೆಯುವುದನ್ನು ಕರಾರುಪತ್ರ ಬರೆದವರು ಮರೆತಿದ್ದರು.

ಉಳಿದ ಅಧ್ಯಾಪಕರಿಗೆ ಬೇಸಿಗೆಯಲ್ಲೂ ಉಸಿರಾಡಲು ಪುರುಸೊತ್ತಿಲ್ಲ. ಒಬ್ಬರು ಬೇಸ್‌ಬಾಲ್ ತಂಡವನ್ನು ಬಿಸಿಲಲ್ಲಿ ಓಡಿಸುತ್ತಿದ್ದರು, ಇನ್ನೊಬ್ಬರು ತುತ್ತೂರಿಯ ತಂಡದಿಂದ ಊದಿಸುತ್ತಿದ್ದರು. ಪಿಲ್ಚರ್ ಮೊದಲ ವಾರ ಪೆನ್ಸಿಲು ಹೆರೆದ. ಒಂಬತ್ತು ಪೆನ್ಸಿಲುಗಳು ಹೆಬ್ಬೆರಳಿನಷ್ಟಾದ ಮೇಲೆ ಎರಡನೆಯ ವಾರ ಚಾವಣಿಯ ಚೌಕಗಳನ್ನು ಎಣಿಸಿದ. ಇನ್ನೂರ ಹದಿನಾರು. ಮಧ್ಯಾಹ್ನ ಎಣಿಸಿದರೂ ಇನ್ನೂರ ಹದಿನಾರೇ.

ಇದಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಊರಿನ ಮರ್ಯಾದೆ. ಬೆವರು ಸುರಿಸಿಕೊಂಡು ಒಳಗೆ ಬಂದವರೆಲ್ಲ ಅವನ ಮೇಜಿನ ಬಳಿ ನಿಂತು ತಲೆಬಾಗಿ, "ದಣಿದಿರಬೇಕು ಮೇಷ್ಟ್ರೇ" ಎನ್ನುತ್ತಿದ್ದರು. ಅಲ್ಲಿ ಅದು ನಮಸ್ಕಾರದಷ್ಟೇ ಸಾಧಾರಣ ಮಾತು. ಆದರೆ ಚಾವಣಿ ಎಣಿಸಿ ದಣಿದವನಿಗೆ ಅದು ದಿನಕ್ಕೆ ನಲವತ್ತು ಸಲ ಕಪಾಳಕ್ಕೆ ಬಿದ್ದಂತಾಗುತ್ತಿತ್ತು. ಅವನಿಗೆ ನಾಚಿಕೆಯಾಗುತ್ತಿತ್ತು. ಮುಖ ಮರೆಸಿಕೊಳ್ಳಲು ಏನಾದರೂ ಬೇಕಾಗಿತ್ತು, ಎದುರಿಗೆ ಜಪಾನಿ ಪತ್ರಿಕೆ ಬಿದ್ದಿತ್ತು.

ಪಿಲ್ಚರನಿಗೆ ಮಾತು ತಕ್ಕಮಟ್ಟಿಗೆ ಬರುತ್ತಿತ್ತು. ಮೂರು ವರ್ಷದಿಂದ ಮೀನಂಗಡಿಯವಳ ಹತ್ತಿರ, ಕ್ಷೌರಿಕನ ಹತ್ತಿರ ಹರಟಿ ಕಲಿತದ್ದು. ಓದು ಮಾತ್ರ ಬರುತ್ತಿರಲಿಲ್ಲ. ಗಂಡಸರು, ಹೆಂಗಸರು, ಹೊರಹೋಗುವ ದಾರಿ, ಮತ್ತು ನಾಲ್ಕು ಬಗೆಯ ಬಿಯರಿನ ಹೆಸರು ಇಷ್ಟೇ ಅವನ ಅಕ್ಷರಜ್ಞಾನದ ಒಟ್ಟು ಬಂಡವಾಳ. ಆದರೂ ಪತ್ರಿಕೆಯನ್ನು ಅಗಲವಾಗಿ ಬಿಡಿಸಿ, ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷಕ್ಕೊಂದು ಪುಟ ಮಗುಚುತ್ತ, ಆಗಾಗ "ಹ್ಞೂಂ" ಎಂದು ದೇಶದ ಸ್ಥಿತಿಗತಿಗೆ ಮರುಗುತ್ತ ಕೂರತೊಡಗಿದ.

ಉಪಮುಖ್ಯೋಪಾಧ್ಯಾಯ ಹಿರಾಬಯಾಶಿ ಇದನ್ನು ನೋಡಿದರು. ಮೂವತ್ತು ವರ್ಷ ಸರ್ವಿಸಿನಲ್ಲಿ ಒಂದು ದಿನವೂ ತಡವಾಗಿ ಬಾರದ ಮನುಷ್ಯ.

"ಪಿರುಚಾ ಮೇಷ್ಟ್ರೇ, ನೀವು ಪೇಪರ್ ಓದ್ತೀರಾ!"

ಪಿಲ್ಚರ್ ಎನ್ನುವ ಹೆಸರು ಆ ಊರಿನ ನಾಲಿಗೆಯಲ್ಲಿ ಪಿರುಚಾ ಆಗಿತ್ತು.

"ಏನೋ, ಸ್ವಲ್ಪ ಸ್ವಲ್ಪ" ಎಂದ ಪಿಲ್ಚರ್.

ಇಲ್ಲಿಯೇ ಅನಾಹುತದ ಬೀಜ ಬಿತ್ತು. ಆ ನಾಡಿನಲ್ಲಿ ಮಹಾವಿದ್ವಾಂಸರೂ ತಮಗೆ ಸ್ವಲ್ಪ ಸ್ವಲ್ಪ ಬರುತ್ತದೆ ಎನ್ನುವುದೇ ಸಭ್ಯತೆ. ಪೂರ್ತಿ ಬರುತ್ತದೆ ಎಂದಿದ್ದರೆ ಹಿರಾಬಯಾಶಿ ಖಂಡಿತ ಅನುಮಾನಪಡುತ್ತಿದ್ದರು. ಸ್ವಲ್ಪ ಎಂದದ್ದಕ್ಕೆ ಪೂರ್ತಿ ನಂಬಿದರು.

ವಿದ್ವತ್ತು ಬಂದ ಮೇಲೆ ಲಾಂಛನ ಬೇಡವೇ? ಅಲ್ಲಿ ಸಹಿ ಹಾಕುವ ಪದ್ಧತಿಯಿಲ್ಲ. ಪ್ರತಿಯೊಬ್ಬರಿಗೂ ಕಿರುಬೆರಳಿನಷ್ಟು ಮೊಹರು, ಅದನ್ನು ಕೆಂಪು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಬೇಕು. ಪಿಲ್ಚರ್ ಸಂತೆಬೀದಿಯ ಮೊಹರಿನ ಮುದುಕನಿಂದ ತನ್ನ ಹೆಸರನ್ನು ಮೂರು ಘನವಾದ ಚಿತ್ರಾಕ್ಷರಗಳಲ್ಲಿ ಕೆತ್ತಿಸಿಕೊಂಡು ಬಂದ. ಪಿ ಎಂದರೆ ಹೋಲಿಸು, ರು ಎಂದರೆ ಉಳಿ, ಚಾ ಎಂದರೆ ಚಹಾ. ಒಟ್ಟು ಅರ್ಥ, ಹೋಲಿಸಿ ನೋಡಲು ಉಳಿಸಿದ ಚಹಾ. ಅವನ ಜೊತೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಕುರುಸು ಮೇಡಂ ಅದನ್ನು ನೋಡಿ, "ತುಂಬಾ… ಗಂಭೀರವಾಗಿದೆ" ಎಂದು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋದವಳು, ಅದೇ ಸಂಜೆ ರಜೆಯ ಮೇಲೆ ತಾಯಿಯ ಊರಿಗೆ ಹೊರಟುಹೋದಳು. ಆ ಕೊಠಡಿಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ಅವಳೊಬ್ಬಳೇ.

ಮೊಹರು ಬಂದ ಮೇಲೆ ಪಿಲ್ಚರನ ದಿನಗಳು ಹಗುರಾದವು. ಒತ್ತಬಹುದಾದಲ್ಲೆಲ್ಲ ಒತ್ತಿದ. ಹಾಜರಿ ಪುಸ್ತಕ, ಈಜುಕೊಳದ ನೀರಿನ ಪಟ್ಟಿ, ಬೆಂಕಿ ಆರಿಸುವ ಸಿಲಿಂಡರಿನ ತಪಾಸಣೆ ಚೀಟಿ, ಯಾವುದನ್ನೂ ಬಿಡಲಿಲ್ಲ. ಕಿರಿಯನ ಮೊಹರು ಹಿರಿಯರ ಕಡೆಗೆ ಕೊಂಚ ವಾಲಿರಬೇಕು, ನೋಡಿದವರಿಗೆ ತಲೆಬಾಗಿದಂತೆ ಕಾಣಬೇಕು ಎಂದು ಗಣಿತದ ಮೇಷ್ಟ್ರು ಹೇಳಿಕೊಟ್ಟ ಮೇಲಂತೂ ಅವನ ಒತ್ತುವಿಕೆಗೆ ಒಂದು ಕಲೆಯೇ ಬಂತು.

ಒಂದು ಮಂಗಳವಾರ ಮಧ್ಯಾಹ್ನ ಸುತ್ತೋಲೆಯೊಂದು ರಟ್ಟಿಗೆ ಸಿಕ್ಕಿಸಿಕೊಂಡು ಅವನ ಮೇಜಿಗೆ ಬಂತು. ಮೇಲೆ ಒಂದಿಷ್ಟು ಬರಹ, ಕೆಳಗೆ ಹದಿನಾರು ಜನರ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಚೌಕ. ಹದಿನಾರು ಚೌಕಗಳೂ ಖಾಲಿ. ಪಾಪ, ಯಾರಿಗೂ ಪುರುಸೊತ್ತಾಗಿಲ್ಲ ಎಂದುಕೊಂಡ ಪಿಲ್ಚರ್, ತನ್ನ ಚೌಕದಲ್ಲಿ ಹಿರಾಬಯಾಶಿಯವರ ಚೌಕದ ಕಡೆಗೆ ನಯವಾಗಿ ವಾಲಿಸಿ ಮೊಹರು ಒತ್ತಿದ. ಉಫ್ ಎಂದು ಊದಿ ಶಾಯಿ ಆರಿಸಿದ.

ಸುತ್ತೋಲೆ ಹಿಂದಿರುಗಿ ಬಂದಾಗ ಹಿರಾಬಯಾಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎದ್ದು ಹೋಗಿ ತಾವೇ ಚಹಾ ಮಾಡಿ ತಂದು ಪಿಲ್ಚರನ ಮುಂದಿಟ್ಟರು. ಉಪಮುಖ್ಯೋಪಾಧ್ಯಾಯರು ಚಹಾ ತಂದುಕೊಟ್ಟದ್ದನ್ನು ಆ ಶಾಲೆ ಕಂಡಿರಲಿಲ್ಲ.

"ಮೇಷ್ಟ್ರೇ, ಆ ಸುತ್ತೋಲೆ… ನೀವು ಯೋಚನೆ ಮಾಡಿ ಒತ್ತಿದ್ದೇ ತಾನೆ?"

"ಹೌದು ಹೌದು."

"ಅಂದ್ರೆ, ಓದಿ?"

ಇಲ್ಲ ಎನ್ನಲು ಅದೇ ಕಡೆಯ ಅವಕಾಶ. ಆದರೆ ಪತ್ರಿಕೆ ಅವನ ಮೊಣಕೈ ಕೆಳಗೇ ಇತ್ತು.

"ಎರಡು ಸಲ ಓದಿದೆ" ಎಂದ ಪಿಲ್ಚರ್.

ಹಿರಾಬಯಾಶಿ ಅವನನ್ನೂ ವಾಲಿದ ಮೊಹರನ್ನೂ ಬಹಳ ಹೊತ್ತು ನೋಡಿದರು. "ಇಷ್ಟು ವಿನಯವಾಗಿ!" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೋಗಿ ಟೆಲಿಫೋನ್ ಎತ್ತಿದರು.

ಪಿಲ್ಚರನಿಗೆ ಈಗ ಕೊಂಚ ಅಳುಕು ಶುರುವಾಯಿತು. ಸುತ್ತೋಲೆಯಲ್ಲಿ ಅವನಿಗೆ ಗುರುತು ಸಿಕ್ಕಿದ್ದು ಮೂರೇ ಅಕ್ಷರ. ದ್ವೀಪ, ಅದು ದೋಣಿಕಟ್ಟೆಯ ಫಲಕದಲ್ಲಿತ್ತು. ಕೂಡು. ಮತ್ತು ಎರಡು. ಊರಿನ ಬಂದರಿನ ಎದುರಿಗೆ ಕೊಹಾಜಿಮ ಎಂಬ ದ್ವೀಪ ಇತ್ತು. ಬೇಸಿಗೆ ಮುಗಿಯುತ್ತ ಅಧ್ಯಾಪಕರೆಲ್ಲ ಸೇರಿ ಕುಡಿದು ಉಣ್ಣುವ ಕೂಟವೂ ವರ್ಷವರ್ಷ ನಡೆಯುತ್ತಿತ್ತು. ಎರಡನೆಯ ತಾರೀಕು ದ್ವೀಪದಲ್ಲಿ ಕೂಟ! ಬರುವವರು ಮೊಹರು ಒತ್ತತಕ್ಕದ್ದು. ಬರುತ್ತೇನೆಂದವನು ತಾನೊಬ್ಬನೇ, ಅದಕ್ಕೇ ಉಪಮುಖ್ಯೋಪಾಧ್ಯಾಯರು ಚಹಾ ತಂದುಕೊಟ್ಟದ್ದು. ಎಲ್ಲವೂ ಸರಿಹೊಂದಿತು, ಅಳುಕು ಹೋಯಿತು.

ಮರುದಿನ ಪಟ್ಟಣದ ಶಿಕ್ಷಣ ಕಚೇರಿಯಿಂದ ಮುಶಿಯಾಕೆ ಎಂಬ ಅಧಿಕಾರಿ ಸಿಹಿತಿಂಡಿಯ ಪೊಟ್ಟಣ ಹಿಡಿದು ಬಂದ. ನೆಟ್ಟಗೆ ಒಂದು ಮಾತನ್ನೂ ಆಡದೆ ಇಪ್ಪತ್ತು ವರ್ಷ ನೌಕರಿ ಮಾಡಿದ್ದ ಸಮರ್ಥ.

"ನೀವು ಎತ್ತಿದ ವಿಷಯ… ನಮ್ಮ ಕಚೇರೀಲಿ ಎಲ್ಲರಿಗೂ ಸ್ವಲ್ಪ ಗಾಬರಿ" ಎಂದ.

"ಗಾಬರಿ ಯಾಕೆ? ಸಂತೋಷದ ವಿಷಯ ಅಲ್ವಾ!"

"ಸಂತೋಷ" ಎಂದು ಮುಶಿಯಾಕೆ ಬರೆದುಕೊಂಡ. "ಆದ್ರೆ ನೋಡಿ, ಇರೋದು ಇಬ್ಬರು. ಬರೀ ಇಬ್ಬರಿಗೋಸ್ಕರ ಅಷ್ಟು ದೂರ…"

ಇನ್ನೊಬ್ಬರು ಬರಲೊಪ್ಪಿದ್ದಾರೆ ಎಂದು ಪಿಲ್ಚರನಿಗೆ ಹುರುಪು ಬಂತು. "ಇಬ್ಬರಾದ್ರೇನು? ಒಬ್ಬರಿದ್ರೂ ನಡೀಬೇಕು. ಎಷ್ಟು ವರ್ಷದಿಂದ ನಡ್ಕೊಂಡು ಬಂದಿದೆ!"

"ಎಪ್ಪತ್ತೊಂದು ವರ್ಷ" ಎಂದ ಮುಶಿಯಾಕೆ ಸಣ್ಣ ಧ್ವನಿಯಲ್ಲಿ.

"ನೋಡಿ ಮತ್ತೆ! ಯಾರೂ ಬರ್ದೇ ಇದ್ರೆ ನಾನೊಬ್ಬನೇ ದೋಣಿ ಹತ್ತಿ ಹೋಗಿ ಕೂತ್ಕೋತೀನಿ."

"ಅಲ್ಲಿ ಸೂರು ಸೋರುತ್ತೆ ಮೇಷ್ಟ್ರೇ."

"ಸೋರಲಿ ಬಿಡಿ, ಬಯಲಲ್ಲಿ ಕೂತ್ರಾಯ್ತು. ತಣ್ಣಗಿರೋ ಬಿಯರ್ ಒಂದಿದ್ರೆ ಸಾಕು."

ಮುಶಿಯಾಕೆಯ ಪೆನ್ನು ನಿಂತಿತು. ಬಿಯರಿನ ಮಾತನ್ನು ಬರೆದುಕೊಳ್ಳುವುದೋ ಬೇಡವೋ ಎಂದು ಯೋಚಿಸಿ, ಹೊರದೇಶದ ಹೊಸ ಬೋಧನಾಕ್ರಮವಿರಬೇಕೆಂದು ಬಿಟ್ಟುಬಿಟ್ಟ. "ಹಾಗಾದ್ರೆ ಮುಂದಿನ ಗುರುವಾರ ಸಭೇಲಿ ಇದನ್ನೇ ಹೇಳ್ತೀರಾ?"

"ಕೂಗಿ ಹೇಳ್ತೀನಿ" ಎಂದ ಪಿಲ್ಚರ್. ಕೂಟಕ್ಕೂ ಮುಂಚೆ ಒಂದು ಸಭೆ ಮಾಡುವ ಜನ ಎಂದು ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ, ಅಲ್ಲಿ ಸಭೆಗೂ ಮುಂಚೆ ಒಂದು ಸಭೆ ನಡೆಯುತ್ತಿತ್ತು.

ಆ ವಾರ ಊರು ಅವನನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿತು. ಮೀನಂಗಡಿಯವಳು ತೂಕದ ಮೇಲೆ ಎರಡು ಬಂಗಡೆ ಹಾಕಿ, "ಊಟ ಬಿಡ್ಬೇಡಿ, ಗುರುವಾರ ಗಟ್ಟಿಯಾಗಿ ನಿಲ್ಬೇಕು" ಎಂದಳು. ಕ್ಷೌರಿಕ ಕತ್ತರಿ ನಿಲ್ಲಿಸಿ, "ನಿಮ್ಮಷ್ಟು ಎದೆಗಾರಿಕೆ ನಮಗಿಲ್ಲ ಮೇಷ್ಟ್ರೇ" ಎಂದು ಕಣ್ಣೊರೆಸಿಕೊಂಡ. ಅವನಿದ್ದ ಬಾಡಿಗೆ ಮನೆಯೊಡತಿ ಮಾತ್ರ, "ಹೊರಗಿನೋರಿಗೆ ಯಾಕಪ್ಪಾ ಊರ ಉಸಾಬರಿ" ಎಂದು ಬಾಗಿಲು ಹಾಕಿಕೊಂಡಳು. ಒಂದು ಕುಡಿಯುವ ಕೂಟಕ್ಕೆ ಇಷ್ಟೆಲ್ಲ ಏಕೆ ಎಂದು ಪಿಲ್ಚರನಿಗೆ ಬಾಯಿಬಿಟ್ಟು ಕೇಳುವ ಆಸೆ. ಕೇಳಿದರೆ ಎರಡು ಸಲ ಓದಿದ್ದು ಸುಳ್ಳೆಂದು ಗೊತ್ತಾಗುತ್ತಿತ್ತು. ಬಂಗಡೆ ಹುರಿದು ತಿಂದು ಸುಮ್ಮನಾದ.

ಸೋಮವಾರ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಒಬ್ಬ ಮುದುಕಿ ಕಾಣಿಸಿಕೊಂಡಳು. ಕೊಹಾಜಿಮದ ಶಿಗೆನೊ ಅಜ್ಜಿ. ಎಂಬತ್ತರ ಹತ್ತಿರದವಳು, ಸಮುದ್ರದಲ್ಲಿ ಮುಳುಗಿ ಚಿಪ್ಪು ತೆಗೆದು ಬದುಕಿದವಳು. ಒಂದು ಕೈಯಲ್ಲಿ ಒಣಗಿಸಿದ ಆಕ್ಟೋಪಸ್, ಇನ್ನೊಂದು ಕೈಯಲ್ಲಿ ಕಲ್ಲಂಗಡಿ. ಪಿಲ್ಚರನ ಮೇಜಿನ ಮುಂದೆ ನೆಲಕ್ಕೆ ಮಂಡಿಯೂರಿ ಹಣೆ ಹಚ್ಚಿಬಿಟ್ಟಳು.

"ಅಯ್ಯೋ, ಏಳಿ ಅಜ್ಜಿ! ಇದೆಲ್ಲ ಯಾಕೆ?"

"ನಮ್ ಹುಡ್ಗೀರಿಗೋಸ್ಕರ ನೀವೊಬ್ರೇ ಒತ್ತುದ್ರಂತೆ. ಬ್ಯಾರೆ ಯಾರೂ ಒತ್ಲಿಲ್ವಂತೆ. ಈ ಋಣ ತೀರ್ಸಕ್ಕಾಯ್ತದಾ ಮೇಷ್ಟ್ರೇ?"

ಸುತ್ತಲಿನ ಮೇಜುಗಳಲ್ಲಿದ್ದವರೆಲ್ಲ ತಟ್ಟನೆ ತಮ್ಮ ಕಾಗದಗಳಲ್ಲಿ ಮುಳುಗಿದರು. ಹುಡುಗಿಯರು ಎಂದಾಗಲೇ ಪಿಲ್ಚರನಿಗೆ ಲೆಕ್ಕ ತಪ್ಪಿತು. ಕೂಟಕ್ಕೆ ಹುಡುಗಿಯರೇಕೆ?

ಬುಧವಾರ ಕುರುಸು ಮೇಡಂ ರಜೆ ಮುಗಿಸಿ ಬಂದಳು. ಪಿಲ್ಚರ್ ಅವಳನ್ನು ಪ್ರಯೋಗಶಾಲೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ ಕೇಳಿದ. ಅವಳು ಊರೆಲ್ಲ ಆಡಿಕೊಳ್ಳುತ್ತಿದ್ದುದನ್ನು ಹೇಳಿದಳು. ಕೊಹಾಜಿಮದಲ್ಲಿ ಈ ಶಾಲೆಯದೇ ಒಂದು ಶಾಖೆ ಇದೆ. ಅಲ್ಲಿ ಓದುತ್ತಿರುವವರು ಇಬ್ಬರೇ, ಶಿಗೆನೊ ಅಜ್ಜಿಯ ಮೊಮ್ಮಕ್ಕಳು. ಅದನ್ನು ಮುಚ್ಚಿ ಇಲ್ಲಿಗೆ ಕೂಡಿಸುವುದಕ್ಕೆ ಆಕ್ಷೇಪಣೆ ಇದ್ದವರು ಮಾತ್ರ ಮೊಹರು ಒತ್ತಿ ಎಂದು ಸುತ್ತೋಲೆ ಬಂದಿತ್ತು. ಯಾರೂ ಒತ್ತುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಒಂದೇ ಒಂದು ಆಕ್ಷೇಪಣೆ ಬಂದರೂ ಬಹಿರಂಗ ಸಭೆ ಕರೆಯಬೇಕೆಂದು ಪಟ್ಟಣದ ನಿಯಮ.

"ಆ ಒಂದು ನಿಮ್ಮದು. ನಾನು ನಿಮ್ಮನ್ನ ಏನೋ ಅಂದ್ಕೊಂಡಿದ್ದೆ. ನಿಜವಾಗ್ಲೂ ದೊಡ್ಡ ಮನಸ್ಸು" ಎಂದಳು ಕುರುಸು.

ಪಿಲ್ಚರ್ ಸ್ಟೂಲು ಎಳೆದುಕೊಂಡು ಕೂತ. "ನಾನು ಅದನ್ನ ಊಟದ ಕೂಟ ಅಂದ್ಕೊಂಡಿದ್ದೆ."

ಕುರುಸು ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಓದೋಕೆ ಬರಲ್ಲ ಅಂತ ಹೇಳಿಬಿಟ್ರೆ?" ಎಂದು ಕೇಳಿದ.

"ಆಕ್ಷೇಪಣೆ ರದ್ದಾಗುತ್ತೆ. ನಾಳೆನೇ ಶಾಖೆ ಮುಚ್ಚುತ್ತೆ."

"ಹೇಳದೇ ಇದ್ರೆ?"

"ಆ ಹುಡುಗೀರು ಮುಂದಿನ ಸಾಲಲ್ಲಿ ಕೂತಿರ್ತಾರೆ. ಅವರ ಮುಖ ನೋಡ್ಕೊಂಡು, ಯಾಕೆ ಒತ್ತಿದೆ ಅಂತ ನೀವು ಕಾರಣ ಹೇಳ್ಬೇಕಾಗುತ್ತೆ."

ಆ ದಿನ ಪಿಲ್ಚರ್ ಪತ್ರಿಕೆ ಬಿಡಿಸಲಿಲ್ಲ. ಯಾರೋ ಬಂದು "ದಣಿದಿರಬೇಕು ಮೇಷ್ಟ್ರೇ" ಎಂದರು. ಮೊದಲ ಬಾರಿಗೆ ಅವನು ನಿಜವಾಗಿ ದಣಿದಿದ್ದ.

ಗುರುವಾರ ಪಟ್ಟಣದ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮುಶಿಯಾಕೆ ಮತ್ತು ಅವನ ಮೇಲಧಿಕಾರಿಗಳು. ಎಡಗಡೆ ಹದಿನೈದು ಅಧ್ಯಾಪಕರು. ಮುಂದಿನ ಸಾಲಿನಲ್ಲಿ ಶಿಗೆನೊ ಅಜ್ಜಿ, ಅಕ್ಕಪಕ್ಕದಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದ ಇಬ್ಬರು ಮೊಮ್ಮಕ್ಕಳು. ಹಿಂದೆ ಮೀನಂಗಡಿಯವಳು, ಕ್ಷೌರಿಕ, ಸುಮ್ಮನೆ ನೋಡಲು ಬಂದ ಮನೆಯೊಡತಿ.

"ಆಕ್ಷೇಪಣೆ ಸಲ್ಲಿಸಿದ ಪಿರುಚಾ ಮೇಷ್ಟ್ರು ಈಗ ತಮ್ಮ ಕಾರಣಗಳನ್ನ ತಿಳಿಸ್ತಾರೆ" ಎಂದ ಮುಶಿಯಾಕೆ.

ಪಿಲ್ಚರ್ ಎದ್ದ. ಕುರುಸು ಬರೆದುಕೊಟ್ಟಿದ್ದ ಒಳ್ಳೆಯ ಭಾಷಣವೊಂದು ಅವನ ಜೇಬಿನಲ್ಲಿತ್ತು. ಸಣ್ಣ ಶಾಲೆಯ ಮಹತ್ವ, ಸಮುದ್ರ, ಸಂಸ್ಕೃತಿ, ಎಲ್ಲ ಇತ್ತು. ಓದಲು ಬರುವಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಟ್ಟಿದ್ದಳು. ಚಿಕ್ಕ ಹುಡುಗಿ ತಾನು ಓದುವ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವನ ಕೈ ಜೇಬಿನವರೆಗೆ ಹೋಗಿ ಹಿಂದೆ ಬಂತು.

"ನನಗೆ ಕಾರಣ ಇಲ್ಲ. ನನಗೆ ಓದೋಕೆ ಬರಲ್ಲ. ಪೇಪರ್ ಓದ್ತಾ ಇದ್ದದ್ದು ನಾಟಕ. ಕೆಲಸ ಇರಲಿಲ್ಲ, ನೀವೆಲ್ಲ ದುಡೀತಿದ್ರಿ, ನನಗೆ ನಾಚಿಕೆ ಆಗ್ತಿತ್ತು. ಮೊಹರು ಹೊಸದು, ಒತ್ತೋಕೆ ಆಸೆ. ಒತ್ತಿಬಿಟ್ಟೆ. ಅದು ಕುಡಿಯೋ ಕೂಟ ಅಂದ್ಕೊಂಡಿದ್ದೆ. ಅಜ್ಜಿ, ನಿಮ್ಮ ಕಲ್ಲಂಗಡಿ ತಿಂದುಬಿಟ್ಟೆ. ನನ್ನನ್ನ ಕ್ಷಮಿಸಿ."

ಹೀಗೆಂದು ಸೊಂಟದವರೆಗೆ ಬಾಗಿದ. ಏಳುವುದು ಯಾವಾಗ ಎಂದು ತಿಳಿಯದೆ ಹಾಗೆಯೇ ನಿಂತುಬಿಟ್ಟ. ಹಿಂದಿನ ಸಾಲಿನಲ್ಲಿ ಕ್ಷೌರಿಕ ಕಿಸಕ್ಕೆಂದ. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಪಿಲ್ಚರನ ಕಿವಿಗಳು ಮೊಹರಿನ ಶಾಯಿಗಿಂತ ಕೆಂಪಾದವು.

ಮುಶಿಯಾಕೆಯ ಮುಖದಲ್ಲಿ ವಾರದ ನಂತರ ರಕ್ತ ಓಡಾಡಿತು. "ಹಾಗಾದ್ರೆ ಓದದೆ ಒತ್ತಿದ ಮೊಹರು ಲೆಕ್ಕಕ್ಕಿಲ್ಲ. ಆಕ್ಷೇಪಣೆ ಇಲ್ಲ ಅಂತ…"

"ಒಸಿ ತಡೀರಿ" ಎಂದಳು ಶಿಗೆನೊ ಅಜ್ಜಿ.

ಅವಳು ಎದ್ದು ನಿಂತದ್ದು ಯಾರಿಗೂ ಕಂಡಿರಲಿಲ್ಲ, ಅಷ್ಟು ಗಿಡ್ಡ.

"ಓದ್ದೆ ಒತ್ತುದ್ದು ಲೆಕ್ಕಕ್ಕಿಲ್ಲ ಅಂದ್ರಿ. ಸರಿ. ಓದಕ್ಕೆ ಬರ್ದೇ ಇರೋನು ಇವ್ನೊಬ್ಬ. ಅಲ್ಲಿ ಕುಂತವ್ರಲ್ಲ, ಓದಕ್ಕೆ ಬರೋ ಹದಿನೈದು ಜನ, ಅವರು ಓದಿ ಒತ್ತದೆ ಬುಟ್ರಾ, ಓದ್ದೇ ಬುಟ್ರಾ?"

ನಗು ನಿಂತಿತು.

"ಅದು… ಎಲ್ಲರೂ ಓದಿರ್ತಾರೆ ಅಜ್ಜಿ" ಎಂದ ಮುಶಿಯಾಕೆ.

"ಹಂಗಾದ್ರೆ ಇವ್ನಿಗೂ ಒಂದ್ಸಾರಿ ಓದಿ ಹೇಳ್ರಿ. ಕೇಳ್ಕಂಡು ಆಮ್ಯಾಕೆ ಹೇಳ್ಲಿ, ಒಪ್ತಾನೋ ಬುಡ್ತಾನೋ."

ಇದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಸುತ್ತೋಲೆಯನ್ನು ಹಿರಾಬಯಾಶಿಯವರ ಕೈಗೆ ಕೊಟ್ಟರು. ಅವರು ಕನ್ನಡಕ ಸರಿಮಾಡಿಕೊಂಡು, ಬಾಗಿಯೇ ಇದ್ದ ಪಿಲ್ಚರನ ಎದುರು ನಿಂತು, ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಓದಿದರು. ಮೊದಲ ಪುಟ ಸರಾಗವಾಗಿ ಹೋಯಿತು. ಎರಡನೆಯ ಪುಟ ಅದರ ಹಿಂದೆ ಅಂಟಿಕೊಂಡಿತ್ತು, ಉಗುರಿನಿಂದ ಬಿಡಿಸಬೇಕಾಯಿತು.

"ವಿದ್ಯಾರ್ಥಿನಿಯರ ವಿಷಯ. ಬೆಳಗಿನ ಮೊದಲ ದೋಣಿ ಪಟ್ಟಣ ತಲುಪುವುದು ಒಂಬತ್ತೂ ನಲವತ್ತಕ್ಕೆ. ಪಾಠ ಶುರುವಾಗುವುದು ಎಂಟೂವರೆಗೆ. ಆದ್ದರಿಂದ ಇಬ್ಬರೂ ಮನೆ ಬಿಟ್ಟು ಪಟ್ಟಣದಲ್ಲೇ ವಾಸಿಸತಕ್ಕದ್ದು. ಇದಕ್ಕೆ ಮನೆಯವರು ಸಂತೋಷದಿಂದ…"

ಹಿರಾಬಯಾಶಿ ಓದು ನಿಲ್ಲಿಸಿದರು.

"ಮುಂದಕ್ಕೋದಿ" ಎಂದಳು ಅಜ್ಜಿ.

"ಸಂತೋಷದಿಂದ ಒಪ್ಪಿರುತ್ತಾರೆ."

"ಯಾರು ಒಪ್ದೋರು? ನಮ್ಮನ್ನ ಕೇಳ್ದೋರು ಯಾರು?"

ಮುಶಿಯಾಕೆ ತನ್ನ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ದೊಡ್ಡ ಹುಡುಗಿ ತಂಗಿಯ ಕೈ ಹಿಡಿದುಕೊಂಡಳು. ಮನೆ ಬಿಡಬೇಕೆಂಬ ಸಂಗತಿ ಅವರಿಬ್ಬರ ಕಿವಿಗೆ ಬಿದ್ದದ್ದೂ ಅದೇ ಮೊದಲು.

ಹಿರಾಬಯಾಶಿ ಕಾಗದವನ್ನು ಕೆಳಗಿಳಿಸಿದರು. ಮೂವತ್ತು ವರ್ಷ ಬಂದ ಕಾಗದಕ್ಕೆಲ್ಲ ಹೊತ್ತಿಗೆ ಸರಿಯಾಗಿ ಉತ್ತರ ಬರೆದವರು ಈಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಪಿರುಚಾ ಮೇಷ್ಟ್ರೇ, ಈ ಎರಡನೇ ಪುಟ… ನಾನೂ ಈಗಲೇ ನೋಡ್ತಿರೋದು" ಎಂದರು.

ಗಣಿತದ ಮೇಷ್ಟ್ರು ಮೊದಲು ತಲೆ ತಗ್ಗಿಸಿದರು. ತುತ್ತೂರಿಯವರು, ಬೇಸ್‌ಬಾಲಿನವರು, ಒಬ್ಬೊಬ್ಬರಾಗಿ ಹದಿನೈದೂ ತಲೆಗಳು ತಗ್ಗಿದವು. ವೇದಿಕೆಯ ಮೇಲಿನವರೂ ತಮ್ಮ ಬೂಟುಗಳನ್ನು ನೋಡಿಕೊಂಡರು. ಇನ್ನೂ ಬಾಗಿಯೇ ನಿಂತಿದ್ದ ಪಿಲ್ಚರ್ ಓರೆಗಣ್ಣಿನಿಂದ ಸುತ್ತ ನೋಡಿದ. ಅವನನ್ನು ನೋಡಿ ನಗಲು ಅಲ್ಲಿ ತಲೆಯೆತ್ತಿದವರು ಯಾರೂ ಉಳಿದಿರಲಿಲ್ಲ.